ಅಜ್ಜನಿಗೆ ಒಂದು ವಾರ ಬೆಡ್ ಸಿಗುತ್ತದೆಯೇ?

ಮನೆಯ ಹಿರಿಯರನ್ನು ನಾಲ್ಕು ದಿನ ಊರಿನ ಆಸ್ಪತ್ರೆಗೆ ಒಪ್ಪಿಸಿ, ನೋಡಿಕೊಳ್ಳುವವರು ಸ್ವಲ್ಪ ಸುಧಾರಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತಿರುವ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಆಯ್ದ ಪ್ರಶ್ನೆಗಳಿಗೆ ಹಿರಿಯರ ವಿಭಾಗದ ವೈದ್ಯರು ಮತ್ತು ಮನೆ ಆರೈಕೆಯ ನರ್ಸ್‌ಗಳು ಉತ್ತರಿಸಿದ್ದಾರೆ.

ಪ್ರಶ್ನೆ: ಮಾವನಿಗೆ 84 ವರ್ಷ. ಪಾರ್ಶ್ವವಾಯುವಿನಿಂದ ಬಲಭಾಗಕ್ಕೆ ಸ್ವಾಧೀನವಿಲ್ಲ. ಮೊದಲೆಲ್ಲ ಮದುವೆ-ಮುಂಜಿ ಅಂತ ನಾವು ಪರಸ್ಥಳಕ್ಕೆ ಹೊರಟರೆ ಊರಿನ ನರ್ಸಿಂಗ್ ಹೋಮ್‌ನವರು ಐದಾರು ದಿನ ಇಟ್ಟುಕೊಳ್ಳುತ್ತಿದ್ದರು. ಈಗ ‘ಟ್ರೀಟ್‌ಮೆಂಟ್ ಇಲ್ಲದೆ ಅಡ್ಮಿಟ್ ಮಾಡಲಾಗದು’ ಎನ್ನುತ್ತಾರೆ. ಮೆಡಿಕ್ಲೈಮ್ ಇದೆ ಎಂದರೂ ಕೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬಹುದೇ?
— ಓದುಗರು, ಶಿರಸಿ

ಉತ್ತರ: ಮೆಡಿಕ್ಲೈಮ್ ಇದ್ದೂ ಈ ವಿಷಯದಲ್ಲಿ ಇಲ್ಲದಂತೆಯೇ. ವಿಮೆಯಿಂದ ಯಾವುದನ್ನೆಲ್ಲ ಹೊರಗಿಡಬಹುದು ಎಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ನಿಗದಿ ಮಾಡಿತು. ನಿಮ್ಮ ಪಾಲಿಸಿಯ ಕೊನೆಯ ಪುಟಗಳಲ್ಲಿ ‘ಎಕ್ಸ್‌ಸಿಎಲ್ 05’ ಎಂಬ ಸಂಕೇತ ಹುಡುಕಿ. ಚಿಕಿತ್ಸೆಗಲ್ಲದೆ ಬರೀ ವಿಶ್ರಾಂತಿಗೆ ಆದ ದಾಖಲಾತಿ, ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ನಡೆಸುವುದು ಮುಂತಾದ ದಿನನಿತ್ಯದ ಸಹಾಯ, ಮನೆಯವರ ಬಿಡುವಿಗಾಗಿ ಕೊಡುವ ಆರೈಕೆ ಎಲ್ಲವೂ ಅಲ್ಲಿ ಹೊರಗೆ. ಅದರ ಹಿಂದಿನ 04 ಇನ್ನೊಂದು ಬಾಗಿಲನ್ನೂ ಮುಚ್ಚುತ್ತದೆ: ಕೇವಲ ತಪಾಸಣೆಗೆಂದು ಅಡ್ಮಿಟ್ ಆದರೂ ಹಣ ಬರುವುದಿಲ್ಲ. ‘ಸುಸ್ತು ಅಂತ ಬರೆದು ಎರಡು ಡ್ರಿಪ್ ಹಾಕಿಬಿಡಿ ಡಾಕ್ಟ್ರೇ’ ಎಂಬ ಹಳೆಯ ಉಪಾಯ ಈಗ ನಡೆಯದು. ಕ್ಲೈಮ್ ತಿರಸ್ಕಾರವಾಗುವುದಷ್ಟೇ ಅಲ್ಲ, ಇಲ್ಲದ ಕಾಯಿಲೆ ದಾಖಲೆಯಲ್ಲಿ ಉಳಿದು ಮುಂದಿನ ನಿಜವಾದ ಕ್ಲೈಮಿಗೂ ತೊಡಕಾಗುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ, ಆಸ್ಪತ್ರೆಯವರೇ ಮುಂದೆ ಬಂದರೂ ಒಪ್ಪಬೇಡಿ.

ಕೈಯಿಂದ ದುಡ್ಡು ಕೊಡುತ್ತೇವೆಂದರೂ ಸಣ್ಣ ನರ್ಸಿಂಗ್ ಹೋಮ್‌ಗಳು ಹಿಂಜರಿಯಲು ಕಾರಣವಿದೆ. ಅಂಥ ರೋಗಿಯನ್ನು ಹೊರಳಿಸಲು, ಉಣಿಸಲು, ಮಲಮೂತ್ರ ತೆಗೆಯಲು ಒಬ್ಬರು ಸದಾ ಬೇಕು. ಹಿಂದೆ ಆ ಕೆಲಸ ಮಾಡುತ್ತಿದ್ದವರು ಆಯಾ ಮತ್ತು ಜೊತೆಗಿರುವ ನೆಂಟರು. ನೆಂಟರೇ ಇಲ್ಲವೆಂದಾದರೆ ಆ ಹೊರೆ ನರ್ಸ್ ಮೇಲೆ ಬೀಳುತ್ತದೆ, ರಾತ್ರಿ ಪಾಳಿಯಲ್ಲಿ ಇರುವುದು ಒಬ್ಬರೋ ಇಬ್ಬರೋ. ಹಾಸಿಗೆಯಿಂದ ಬಿದ್ದು ಸೊಂಟ ಮುರಿದರೆ ಜವಾಬ್ದಾರಿ ಯಾರದು ಎಂಬ ಭಯವೂ ಸೇರಿದೆ.

ಸರ್ಕಾರಿ ಆಸ್ಪತ್ರೆಯ ವಿಷಯ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 20ನೇ ಸೆಕ್ಷನ್, ಸರ್ಕಾರಿ ಆಸ್ಪತ್ರೆಗಳು ಹಿರಿಯರಿಗೆ ‘ಸಾಧ್ಯವಾದಷ್ಟೂ’ ಹಾಸಿಗೆ ಕೊಡಬೇಕು, ಪ್ರತ್ಯೇಕ ಸಾಲು ಇರಬೇಕು, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಮೀಸಲಾದ ಸೌಲಭ್ಯ ಇರಬೇಕು ಎನ್ನುತ್ತದೆ. ಕೇಂದ್ರದ ಹಿರಿಯರ ಆರೋಗ್ಯ ಕಾರ್ಯಕ್ರಮ 2010-11ರಲ್ಲಿ ಶುರುವಾದಾಗ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವಾರ್ಡ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಬಾರಿ ಮತ್ತು ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ಎಂದು ಲೆಕ್ಕ ಹಾಕಿತ್ತು. ಆದರೆ ಆ ಹತ್ತೂ ಹಾಸಿಗೆಗಳು ಚಿಕಿತ್ಸೆಗೆ. ನೋಡಿಕೊಳ್ಳುವವರ ಬಿಡುವಿಗೆ ಎಂದು ಯಾವ ಹಾಳೆಯಲ್ಲೂ ಬರೆದಿಲ್ಲ, ಆದ್ದರಿಂದ ‘ಸಾಧ್ಯವಾದಷ್ಟೂ’ ಎಂಬ ಪದ ಇಟ್ಟುಕೊಂಡು ವಾದಿಸಿ ಗೆಲ್ಲುವುದು ಕಷ್ಟ.

ಕೇಳುವ ರೀತಿ ಬದಲಿಸಿದರೆ ಉಪಯೋಗವಾಗುತ್ತದೆ. ಪಾರ್ಶ್ವವಾಯು ಆದವರಲ್ಲಿ ಮುಂದೂಡಿದ ಕೆಲಸ ಏನಾದರೊಂದು ಇದ್ದೇ ಇರುತ್ತದೆ: ಬೆನ್ನಿನ ಕೆಳಗೆ ಹುಣ್ಣು, ನೀರು ಕುಡಿದಾಗ ಕೆಮ್ಮು, ಬಿಗಿದು ಮಡಚಿಕೊಂಡ ಕೈ, ತಿಂಗಳುಗಳಿಂದ ಬದಲಿಸದ ಕ್ಯಾತಿಟರ್ (ಮೂತ್ರದ ನಳಿಕೆ), ಒಂಬತ್ತು-ಹತ್ತು ಬಗೆಯ ಮಾತ್ರೆ. ಇವು ನಿಜವಾದ ವೈದ್ಯಕೀಯ ಕಾರಣಗಳು. ಹಿರಿಯರ ಕ್ಲಿನಿಕ್ ದಿನ ಹಳೆಯ ಡಿಸ್ಚಾರ್ಜ್ ಚೀಟಿ ಮತ್ತು ಎಲ್ಲ ಮಾತ್ರೆ ಪಟ್ಟಿಗಳೊಂದಿಗೆ ಹೋಗಿ, ‘ಹುಣ್ಣಿನ ಡ್ರೆಸ್ಸಿಂಗ್, ನುಂಗುವ ಪರೀಕ್ಷೆ, ಫಿಸಿಯೋಥೆರಪಿ ಯೋಜನೆ ಮಾಡಿಕೊಡಿ, ಇದಕ್ಕೆ ಅಡ್ಮಿಷನ್ ಬೇಕಾದರೆ ಇಂಥ ವಾರ ಅನುಕೂಲ’ ಎಂದು ಕೇಳಿ. ವಾರವನ್ನು ನೀವು ಸೂಚಿಸುವುದರಲ್ಲಿ ತಪ್ಪಿಲ್ಲ. ಕಾಯಿಲೆ ಮಾತ್ರ ನಿಜದ್ದಿರಬೇಕು. ಜೊತೆಗಿರಲು ಒಬ್ಬರನ್ನು ಹೊಂದಿಸಲೇಬೇಕಾದೀತು, ಹಾಗಾಗಿ ಇದು ಪೂರ್ತಿ ಬಿಡುವಲ್ಲ.

ಪ್ರಶ್ನೆ: ಏನೇ ಅಂದರೂ ಆಸ್ಪತ್ರೆಯೇ ಸುರಕ್ಷಿತವಲ್ಲವೇ? ಡಾಕ್ಟರು, ನರ್ಸು ಇರುತ್ತಾರೆ.
— ಓದುಗರು, ತುಮಕೂರು

ಉತ್ತರ: ಎಲ್ಲರಿಗೂ ಅಲ್ಲ. ಮರೆವಿನ ಕಾಯಿಲೆ ಇರುವವರು ಹೊಸ ಜಾಗ, ರಾತ್ರಿಯಿಡೀ ಉರಿಯುವ ಲೈಟು, ಪರಿಚಯವಿಲ್ಲದ ಮುಖಗಳ ನಡುವೆ ಎರಡೇ ದಿನದಲ್ಲಿ ಗಲಿಬಿಲಿಗೊಂಡು ಸೂಜಿ ಕಿತ್ತುಕೊಳ್ಳುವುದು, ಹೊಡೆಯಲು ಹೋಗುವುದು ಸಾಮಾನ್ಯ. ಇದಕ್ಕೆ ಡಿಲಿರಿಯಂ ಎನ್ನುತ್ತಾರೆ. ಮನೆಗೆ ಬಂದ ಮೇಲೂ ವಾರಗಟ್ಟಲೆ ಉಳಿಯಬಹುದು. ಇನ್ನೊಂದು ನಷ್ಟ ಸ್ನಾಯುವಿನದು. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನಡೆಸಿದ ಒಂದು ಅಧ್ಯಯನದಲ್ಲಿ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಕೋಲು ಹಿಡಿದು ನಡೆದು ಹೋದವರು ವೀಲ್‌ಚೇರ್‌ನಲ್ಲಿ ಮನೆಗೆ ಬರುವುದರ ಹಿಂದಿನ ಕಾರಣ ಹಲವು ಬಾರಿ ಇಷ್ಟೇ. ಸೇರಿಸಲೇಬೇಕಾದರೆ ಕನ್ನಡಕ, ಹಲ್ಲುಸೆಟ್ಟು, ಕಿವಿಯ ಯಂತ್ರ ಜೊತೆಗೆ ಕಳಿಸಿ, ದಿನಕ್ಕೆ ಮೂರು ಹೊತ್ತು ಕುರ್ಚಿಯಲ್ಲಿ ಕೂರಿಸಿ ಊಟ ಕೊಡಬೇಕೆಂದು ಬರೆಸಿ.

ಪ್ರಶ್ನೆ: ನಾವು ಇಂಗ್ಲೆಂಡ್‌ನಲ್ಲಿ ನೆಲೆಸಿ ನಲವತ್ತು ವರ್ಷವಾಯಿತು. ಯಜಮಾನರಿಗೆ 82, ಪಾರ್ಕಿನ್ಸನ್. ನನಗೆ 76. ಇಲ್ಲಿನ ಚಿಕ್ಕ ಆಸ್ಪತ್ರೆಯಲ್ಲಿ ಆಗಾಗ ಒಂದು ವಾರ ಉಚಿತವಾಗಿ ಇಟ್ಟುಕೊಳ್ಳುತ್ತಿದ್ದರು. ಆ ಬೆಡ್‌ಗಳನ್ನು ತೆಗೆದು, ‘ಕೌನ್ಸಿಲ್ ಕೇಳಿ, ಕೇರ್ ಹೋಮ್ ಸಿಗುತ್ತದೆ’ ಎನ್ನುತ್ತಿದ್ದಾರೆ. ಕೌನ್ಸಿಲ್‌ನವರು (ಇಲ್ಲಿನ ಸ್ಥಳೀಯ ಆಡಳಿತ) ಉಳಿತಾಯದ ಲೆಕ್ಕ ಕೇಳುತ್ತಾರೆ. ಯಾಕೆ ಹೀಗೆ?
— ಓದುಗರು, ಇಂಗ್ಲೆಂಡ್

ಉತ್ತರ: ನೀವು ಕಳೆದುಕೊಂಡದ್ದು ಹಾಸಿಗೆಯ ಜೊತೆಗೆ ‘ಉಚಿತ’ ಎಂಬುದನ್ನೂ. ಬ್ರಿಟನ್ನಿನ ಊರೂರಿನ ಪುಟ್ಟ ಆಸ್ಪತ್ರೆಗಳ ಪರಂಪರೆ 1859ರಲ್ಲಿ ಸರ್ರೆಯ ಕ್ರ್ಯಾನ್ಲಿಯಿಂದ ಶುರುವಾದದ್ದು. 1950ರ ದಶಕದಲ್ಲಿ ಬ್ರಿಟನ್ನಿನ ಹಿರಿಯರ ವಿಭಾಗದ ವೈದ್ಯರು ‘ಆರು ವಾರ ಒಳಗೆ, ಆರು ವಾರ ಹೊರಗೆ’ ಎಂಬ ಸರದಿಯನ್ನೇ ನಡೆಸಿದ್ದರು. ರೋಗಿಗೆ ವ್ಯಾಯಾಮ, ಮನೆಯವರಿಗೆ ಬಿಡುವು, ಎರಡೂ ಒಂದೇ ಹಾಸಿಗೆಯಲ್ಲಿ. ರಾಷ್ಟ್ರೀಯ ಆರೋಗ್ಯ ಸೇವೆಯ ಹಾಸಿಗೆ ಆದ್ದರಿಂದ ಬಿಲ್ ಇರಲಿಲ್ಲ. 1990ರ ರಾಷ್ಟ್ರೀಯ ಆರೋಗ್ಯ ಸೇವೆ ಮತ್ತು ಸಮುದಾಯ ಆರೈಕೆ ಕಾಯ್ದೆ 1993ರ ಏಪ್ರಿಲ್‌ನಲ್ಲಿ ಪೂರ್ಣ ಜಾರಿಯಾದಾಗ, ಕೇರ್ ಹೋಮ್ ಅಗತ್ಯವನ್ನು ಅಳೆದು ಹಣ ಹೊಂದಿಸುವ ಹೊಣೆ ಸ್ಥಳೀಯ ಕೌನ್ಸಿಲ್‌ಗಳಿಗೆ ಹೋಯಿತು. ಕೌನ್ಸಿಲ್ ಕೊಡುವುದು ಆದಾಯ-ಆಸ್ತಿ ನೋಡಿ. ಆಸ್ಪತ್ರೆಗೆ ಬೆಡ್ ಕಡಿಮೆಯಾದಾಗೆಲ್ಲ ‘ಇದು ವೈದ್ಯಕೀಯವಲ್ಲ, ಸಾಮಾಜಿಕ ಆರೈಕೆ’ ಎಂದು ಹೇಳಿ ದಾಟಿಸಲು ಅಲ್ಲಿಂದೀಚೆಗೆ ಅನುಕೂಲವಾಗಿದೆ. ನಮ್ಮ ಅಭಿಪ್ರಾಯ ಕೇಳಿದರೆ, ಪಾರ್ಕಿನ್ಸನ್ ಮುಂದುವರಿದ ರೋಗಿಯ ವಿಷಯದಲ್ಲಿ ಈ ಗೆರೆ ಕಾಗದದ ಮೇಲೆ ಮಾತ್ರ ಇದೆ.

ಈಗ ಮಾಡಬೇಕಾದದ್ದು. ಕೌನ್ಸಿಲ್‌ಗೆ ಎರಡು ಬೇರೆ ಬೇರೆ ಅರ್ಜಿ ಹಾಕಿ: ಯಜಮಾನರ ಅಗತ್ಯಗಳ ಮೌಲ್ಯಮಾಪನ ಒಂದು, ನಿಮ್ಮದು ಇನ್ನೊಂದು. 2014ರ ಕೇರ್ ಆ್ಯಕ್ಟ್ ಪ್ರಕಾರ ನೋಡಿಕೊಳ್ಳುವವರ ಮೌಲ್ಯಮಾಪನವನ್ನು ಕೌನ್ಸಿಲ್ ನಿರಾಕರಿಸುವಂತಿಲ್ಲ. ‘ಚೆನ್ನಾಗಿದ್ದೇನೆ, ಹೇಗೋ ಆಗುತ್ತೆ’ ಎಂಬ ನಮ್ಮವರ ಸಂಕೋಚ ಇಲ್ಲಿ ನಷ್ಟ ತರುತ್ತದೆ. ರಾತ್ರಿ ಎಷ್ಟು ಬಾರಿ ಏಳುತ್ತೀರಿ, ಎತ್ತುವಾಗ ನಿಮ್ಮ ಬೆನ್ನಿಗೇನಾಗಿದೆ, ನಿಮ್ಮದೇ ಯಾವ ತಪಾಸಣೆ ಬಿಟ್ಟುಹೋಗಿದೆ, ಎಲ್ಲವನ್ನೂ ಒಂದು ವಾರ ದಿನಚರಿಯಾಗಿ ಬರೆದು ಕೊಡಿ.

ಹಣದ ಲೆಕ್ಕ ಇಂಗ್ಲೆಂಡ್‌ನಲ್ಲಿ ಹೀಗಿದೆ: ಉಳಿತಾಯ 23,250 ಪೌಂಡ್ ಮೀರಿದರೆ ಪೂರ್ತಿ ವೆಚ್ಚ ನಿಮ್ಮದು. 14,250ರ ಕೆಳಗಿದ್ದರೆ ಉಳಿತಾಯ ಗಣನೆಗಿಲ್ಲ. ನಡುವೆ ಇದ್ದರೆ ಪ್ರತಿ 250 ಪೌಂಡಿಗೆ ವಾರಕ್ಕೆ 1 ಪೌಂಡ್ ಆದಾಯವೆಂದು ಎಣಿಸುತ್ತಾರೆ. ಲೆಕ್ಕ ಹಿಡಿಯಬೇಕಾದದ್ದು ಯಜಮಾನರ ಹೆಸರಿನದು, ಜಂಟಿ ಖಾತೆಯಾದರೆ ಸಾಮಾನ್ಯವಾಗಿ ಅವರ ಅರ್ಧ ಪಾಲು. ತಾತ್ಕಾಲಿಕ ವಾಸಕ್ಕೆ ಮನೆಯ ಬೆಲೆ ಸೇರಿಸುವಂತಿಲ್ಲ. 8 ವಾರ ಮೀರದ ವಾಸವಾದರೆ, ಅವರು ಮನೆಯಲ್ಲೇ ಸೇವೆ ಪಡೆಯುತ್ತಿದ್ದಾರೆ ಎಂಬಂತೆ ಲೆಕ್ಕ ಹಾಕುವ ಅವಕಾಶ ಕೌನ್ಸಿಲ್‌ಗಿದೆ. ಅದು ಹೆಚ್ಚಿನವರಿಗೆ ಅಗ್ಗ, ಆದ್ದರಿಂದ ಯಾವ ವಿಧಾನ ಬಳಸಿದಿರೆಂದು ಬರಹದಲ್ಲಿ ಕೇಳಿ.

ಜನ ಎಡವುವುದು ಆರೈಕೆ ಬೇಕಾದ ಹಿರಿಯರಿಗೆ ಅಲ್ಲಿನ ಸರ್ಕಾರ ಕೊಡುವ ಭತ್ಯೆಯಾದ ಅಟೆಂಡೆನ್ಸ್ ಅಲೋವೆನ್ಸ್‌ನಲ್ಲಿ. ಆಸ್ಪತ್ರೆ ಅಥವಾ ಕೌನ್ಸಿಲ್ ಹಣದ ಕೇರ್ ಹೋಮ್‌ನಲ್ಲಿ 28 ದಿನ ಆದ ಮೇಲೆ ಅದು ನಿಲ್ಲುತ್ತದೆ. ಎರಡು ವಾಸಗಳ ನಡುವಿನ ಅಂತರ 28 ದಿನ ದಾಟದಿದ್ದರೆ ಅವನ್ನು ಕೂಡಿಸಿ ಎಣಿಸುತ್ತಾರೆ. ಆದ್ದರಿಂದ ತಿಂಗಳಿಗೊಂದು ವಾರ ಎನ್ನುವ ಬದಲು ಆರು ವಾರಕ್ಕೊಮ್ಮೆ ಕಳಿಸುವುದು ಲೇಸು. ಪೂರ್ತಿ ಸ್ವಂತ ಖರ್ಚಿನಲ್ಲಿದ್ದರೆ ಈ ತೊಂದರೆಯಿಲ್ಲ. ಕಾಯಿಲೆ ಬಹಳ ಮುಂದುವರಿದಿದ್ದರೆ ಆರೈಕೆಯ ಪೂರ್ತಿ ವೆಚ್ಚವನ್ನು ಆರೋಗ್ಯ ಸೇವೆಯೇ ಭರಿಸುವ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್‌ಗೂ ಅರ್ಹತೆ ಪರೀಕ್ಷಿಸಲು ಹೇಳಿ. ಅದು ಸಿಕ್ಕರೆ ಬಿಡುವಿನ ಆರೈಕೆಯೂ ಮತ್ತೆ ಉಚಿತ, ಸಿಗುವುದು ಮಾತ್ರ ಸುಲಭವಲ್ಲ.

ಒಂದು ಮಾತು ಔಷಧದ ಬಗ್ಗೆ. ಲೆವೊಡೋಪಾ ಮಾತ್ರೆ ಅರ್ಧ ಗಂಟೆ ತಡವಾದರೂ ಪಾರ್ಕಿನ್ಸನ್ ರೋಗಿ ಮರಗಟ್ಟಬಹುದು. ಹೋಮ್‌ನ ಔಷಧ ವಿತರಣೆ ಅವರ ಪಾಳಿಗೆ ತಕ್ಕಂತೆ ನಡೆಯುತ್ತದೆ, ನಿಮ್ಮ ಗಡಿಯಾರಕ್ಕಲ್ಲ. ಸಮಯಗಳನ್ನು ದಪ್ಪಕ್ಷರದಲ್ಲಿ ಬರೆದು ಕೊಡಿ. ವಾಂತಿಗೆ ಮೆಟೊಕ್ಲೋಪ್ರಮೈಡ್, ಗಲಾಟೆಗೆ ಹ್ಯಾಲೊಪೆರಿಡಾಲ್ ಕೊಡಬಾರದೆಂದೂ ಅದೇ ಹಾಳೆಯಲ್ಲಿರಲಿ. ಭಾರತದಲ್ಲಿರುವ ಓದುಗರಿಗೂ ಇದು ಅನ್ವಯ. ಇಲ್ಲಿ ವಾಂತಿ ಎಂದೊಡನೆ ಚುಚ್ಚುವ ಪೆರಿನಾರ್ಮ್ ಅದೇ ಮೆಟೊಕ್ಲೋಪ್ರಮೈಡ್.

ಪ್ರಶ್ನೆ: ಮರೆವಿನ ಕಾಯಿಲೆಯ ತಾಯಿಯನ್ನು ಬೆಂಗಳೂರಿನ ಯಾವುದಾದರೂ ಕೇಂದ್ರದಲ್ಲಿ ಎರಡು ವಾರ ಇಡಬೇಕೆಂದಿದ್ದೇವೆ. ಏನೇನು ನೋಡಬೇಕು?
— ಓದುಗರು, ಹಾಸನ

ಉತ್ತರ: ಮೊದಲ ಸಲವೇ ಎರಡು ವಾರ ಬೇಡ. ಒಂದು ಹಗಲು, ಆಮೇಲೆ ಎರಡು ರಾತ್ರಿ, ಆಮೇಲೆ ದೊಡ್ಡದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಗೆಂದೇ ಕೇಂದ್ರ ನಡೆಸುತ್ತದೆ. ಅಲ್ಜೈಮರ್ಸ್ ಸಂಘಟನೆಯಾದ ಎಆರ್‌ಡಿಎಸ್‌ಐ ಶಾಖೆಯೂ ನಗರದಲ್ಲಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಸುತ್ತಮುತ್ತಲ ಕೇಂದ್ರಗಳ ಮಾಹಿತಿ ಕೇಳಬಹುದು. ಸಾಮಾನ್ಯ ವೃದ್ಧಾಶ್ರಮಗಳು ಹೆಚ್ಚಾಗಿ ತಾವೇ ಓಡಾಡುವವರಿಗೆ. ಮರೆತು ಹೊರಗೆ ಹೋಗುವವರಿಗೆ ಅಲ್ಲಿ ಕಾವಲಿರುವುದಿಲ್ಲ. ದಸರಾ ರಜೆ, ಏಪ್ರಿಲ್-ಮೇ ಮದುವೆ ಕಾಲದಲ್ಲಿ ಎಲ್ಲರಿಗೂ ಒಟ್ಟಿಗೇ ಬಿಡುವು ಬೇಕಾಗುವುದರಿಂದ ಎರಡು ತಿಂಗಳು ಮೊದಲೇ ಕಾಯ್ದಿರಿಸಿ.

ಹಗಲಿನಲ್ಲಿ ಯಾವ ಕೇಂದ್ರವೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಏಳರ ಮೇಲೆ ಹೋಗಿ ನೋಡಿ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಅವರಲ್ಲಿ ತರಬೇತಾದ ನರ್ಸ್ ಯಾರು, ಕನ್ನಡ ಬಲ್ಲವರು ಯಾರು ಎಂದು ಕೇಳಿ. ಮರೆವು ಹೆಚ್ಚಿದಂತೆ ನಡುವೆ ಕಲಿತ ಭಾಷೆಗಳು ಕಳಚಿ ಉಳಿಯುವುದು ತಾಯ್ನುಡಿ. ‘ಒಂದಕ್ಕೆ ಬರ್ತಿದೆ’ ಎಂಬುದು ಅರ್ಥವಾಗದ ಸಿಬ್ಬಂದಿಯಿಂದ ಡೈಪರ್ ಖರ್ಚು ಮಾತ್ರ ಏರುತ್ತದೆ.

ಬರಹದಲ್ಲಿ ಪಡೆಯಬೇಕಾದವು: ದಿನದ ದರದಲ್ಲಿ ಏನು ಸೇರಿದೆ, ಡೈಪರ್-ಔಷಧ-ಫಿಸಿಯೋ ಪ್ರತ್ಯೇಕವೇ, ಆಸ್ಪತ್ರೆಗೆ ಸಾಗಿಸಬೇಕಾದರೆ ಎಲ್ಲಿಗೆ, ಮುಂಗಡ ಯಾರು ಕಟ್ಟುತ್ತಾರೆ, ಬೇಗ ಕರೆದೊಯ್ದರೆ ಹಣ ವಾಪಸಿದೆಯೇ. ಮುಖ್ಯವಾದದ್ದು, ನಿಮ್ಮನ್ನು ಫೋನಿನಲ್ಲಿ ಕೇಳದೆ ಕೈಕಾಲು ಕಟ್ಟುವಂತಿಲ್ಲ, ಹೊಸದಾಗಿ ನಿದ್ದೆಯ ಅಥವಾ ಶಾಂತಗೊಳಿಸುವ ಮಾತ್ರೆ ಶುರು ಮಾಡುವಂತಿಲ್ಲ ಎಂಬ ಷರತ್ತು. ‘ತುಂಬಾ ಸೈಲೆಂಟಾಗಿದ್ದಾರೆ’ ಎಂದು ಫೋನಿನಲ್ಲಿ ಹೊಗಳಿದರೆ ಔಷಧದ ಚಾರ್ಟ್‌ನ ಫೋಟೋ ಕಳಿಸಲು ಹೇಳಿ.

ಬಿಡುವ ದಿನ ಸಿಬ್ಬಂದಿಯೆದುರೇ ತೂಕ ನೋಡಿ, ಬೆನ್ನಿನ ಕೆಳಭಾಗ, ಸೊಂಟದ ಎರಡು ಬದಿ, ಹಿಮ್ಮಡಿಗಳ ಚರ್ಮ ಪರೀಕ್ಷಿಸಿ ಬರೆದು ಸಹಿ ಹಾಕಿಸಿ. ಕರೆತರುವ ದಿನವೂ ಅಷ್ಟೇ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕದೆ ಮೂಲ ಪಟ್ಟಿಯಲ್ಲೇ, ವಾಸದ ದಿನಗಳಿಗಿಂತ ಮೂರು ದಿನ ಹೆಚ್ಚಿಗೆ ಕೊಡಿ. ಚಿನ್ನದ ಬಳೆ, ಓಲೆ ಮನೆಯಲ್ಲಿರಲಿ.

ಪ್ರಶ್ನೆ: ಹೊರಗೆ ಕಳಿಸಲು ತಂದೆ ಒಪ್ಪುವುದಿಲ್ಲ. ಏಜೆನ್ಸಿಯಿಂದ ಒಬ್ಬರನ್ನು ಮನೆಗೇ ಕರೆಸಿ ಒಂದು ವಾರ ಬಿಟ್ಟು ಹೋಗಬಹುದೇ? ಮೂಗಿನ ನಳಿಕೆ, ಕ್ಯಾತಿಟರ್, ಗಾಳಿ ಹಾಸಿಗೆ ಎಲ್ಲ ಇದೆ. ಸಕ್ಕರೆ ಕಾಯಿಲೆಯೂ ಇದೆ.
— ಓದುಗರು, ದಾವಣಗೆರೆ

ಉತ್ತರ: ಒಬ್ಬರು ಸಾಲದು. 24 ಗಂಟೆಗೆ ಒಬ್ಬರನ್ನೇ ಇಟ್ಟರೆ ಮೂರನೆಯ ರಾತ್ರಿ ಅವರು ನಿದ್ದೆ ಹೋಗುತ್ತಾರೆ, ಹೋಗಲೇಬೇಕು. 12 ಗಂಟೆಯಂತೆ ಇಬ್ಬರು, ಜೊತೆಗೆ ಬೀಗದ ಕೈ ಮತ್ತು ತೀರ್ಮಾನದ ಅಧಿಕಾರವಿರುವ ಒಬ್ಬ ನೆಂಟರು ಅದೇ ಊರಿನಲ್ಲಿ. ನೀವು ಹೊರಡುವ ಮೊದಲು ಎರಡು ದಿನ ಇಬ್ಬರೂ ನಿಮ್ಮೆದುರೇ ಕೆಲಸ ಮಾಡಲಿ. ಮೊದಲ ದಿನ ನೀವು ಮಾಡಿ ತೋರಿಸಿ, ಎರಡನೆಯ ದಿನ ಅವರು ಮಾಡಲಿ, ನೀವು ಕೈ ಕಟ್ಟಿ ಕೂತು ನೋಡಿ.

ಮೂಗಿನ ನಳಿಕೆ: ಮೂಗಿನ ಅಂಚಿನಲ್ಲಿ ಎಷ್ಟು ಸೆಂಟಿಮೀಟರ್ ಗುರುತಿದೆ ಎಂದು ಗೋಡೆಯ ಮೇಲೆ ಬರೆದಿಡಿ. ಪ್ರತಿ ಸಲ ಉಣಿಸುವ ಮುನ್ನ ಅದನ್ನು ನೋಡಬೇಕು. ಗುರುತು ಸರಿದಿದ್ದರೆ, ಕೆಮ್ಮು ಬಂದರೆ, ಏನನ್ನೂ ಹಾಕದೆ ನರ್ಸ್‌ನ್ನು ಕರೆಸಬೇಕು. ಗಾಳಿ ಊದಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಪರೀಕ್ಷೆಯನ್ನು ನಂಬಬೇಡಿ, ನಳಿಕೆ ಶ್ವಾಸಕೋಶದಲ್ಲಿದ್ದಾಗಲೂ ಸದ್ದು ಕೇಳಿದಂತಾಗುತ್ತದೆ. ತಲೆಭಾಗ 30ರಿಂದ 45 ಡಿಗ್ರಿ ಎತ್ತರ, ಒಂದು ಸಲಕ್ಕೆ 200ರಿಂದ 250 ಮಿ.ಲೀ., ಸಿರಿಂಜಿನ ದಂಡ ಒತ್ತದೆ ತಾನಾಗಿ ಇಳಿಯುವಂತೆ, ಕೊನೆಗೆ 30 ಮಿ.ಲೀ. ನೀರು. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಮಲಗಿಸಬಾರದು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸದಿದ್ದರೆ ನಳಿಕೆ ಕಟ್ಟಿಕೊಳ್ಳುವುದು ಖಚಿತ. ಮಾತ್ರೆಗಳನ್ನು ಒಂದೊಂದಾಗಿ ಪುಡಿ ಮಾಡಿ ಕೊಡಬೇಕು. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದಿರುವ ನಿಧಾನ ಬಿಡುಗಡೆಯವನ್ನು ಪುಡಿ ಮಾಡುವಂತಿಲ್ಲ, ಬದಲಿ ಏನೆಂದು ವೈದ್ಯರಲ್ಲಿ ಮೊದಲೇ ಕೇಳಿಡಿ.

ಕ್ಯಾತಿಟರ್ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ಮೂರರಲ್ಲಿ ಎರಡು ಪಾಲು ತುಂಬಿದಾಗ ಖಾಲಿ ಮಾಡಬೇಕು. ನಾಲ್ಕೈದು ಗಂಟೆ ಒಂದು ಹನಿಯೂ ಬರದಿದ್ದರೆ ಮೊದಲು ನಳಿಕೆ ಮಡಚಿದೆಯೇ ನೋಡಿ, ಇಲ್ಲವೆಂದರೆ ಕರೆ ಮಾಡಿ. ಬದಲಿಸುವ ದಿನ ನಿಮ್ಮ ಗೈರಿನ ವಾರದಲ್ಲಿ ಬೀಳದಂತೆ ಮೊದಲೇ ಮಾಡಿಸಿಕೊಳ್ಳಿ.

ಗಾಳಿ ಹಾಸಿಗೆ ಇದೆಯೆಂದು ಹೊರಳಿಸುವುದನ್ನು ಬಿಡುವುದೇ ಬೆಡ್‌ಸೋರಿನ ಮೊದಲ ಕಾರಣ. ಎರಡು ಗಂಟೆಗೊಮ್ಮೆ, 30 ಡಿಗ್ರಿ ಓರೆಗೆ, ಬೆನ್ನಿಗೆ ದಿಂಬು ಕೊಟ್ಟು. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಕರೆಂಟ್ ಹೋದರೆ ಪಂಪ್ ನಿಂತು ಕೋಶಗಳು ನಿಧಾನವಾಗಿ ಇಳಿಯುತ್ತವೆ, ದೇಹ ಮಂಚದ ಹಲಗೆಗೆ ತಾಗುತ್ತದೆ. ಪಂಪನ್ನು ಯುಪಿಎಸ್ ಲೈನಿಗೆ ಹಾಕಿಸಿ, ಗಾಳಿ ಹಾಸಿಗೆಯ ಕೆಳಗೆ ಮಾಮೂಲಿ ಫೋಮ್ ಹಾಸಿಗೆ ಇರಲಿ. ಬೆನ್ನಿನ ಕೆಳಗೆ ಅಂಗೈ ತೂರಿಸಿ ನೋಡಿದಾಗ ಎರಡು ಬೆರಳಿನಷ್ಟಾದರೂ ಗಾಳಿ ಸಿಗಬೇಕು.

ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ನಳಿಕೆಯಿಂದ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಒಂದು ಹೊತ್ತಿನ ಆಹಾರ ತಪ್ಪಿದರೆ ಇನ್ಸುಲಿನ್ ಎಷ್ಟು ತಗ್ಗಿಸಬೇಕು ಎಂಬುದನ್ನು ವೈದ್ಯರ ಕೈಬರಹದಲ್ಲೇ ಪಡೆದಿಡಿ. ಅಟೆಂಡರ್ ಊಹೆಗೆ ಬಿಡುವ ವಿಷಯವಲ್ಲ.

ಪ್ರಶ್ನೆ: ಆಸ್ಪತ್ರೆ ಅಥವಾ ಕೇಂದ್ರದಲ್ಲಿ ಬಿಟ್ಟು ಹೋದರೆ ‘ತೊರೆದಿದ್ದಾರೆ’ ಎಂದು ಕೇಸ್ ಆಗುತ್ತದೆಂದು ನೆಂಟರು ಹೆದರಿಸುತ್ತಾರೆ.
— ಓದುಗರು, ಮಂಡ್ಯ

ಉತ್ತರ: 2007ರ ಕಾಯ್ದೆಯ 24ನೇ ಸೆಕ್ಷನ್ ಹೇಳುವುದು ಹಿರಿಯರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಬಿಟ್ಟು ಹೋದವರ ಬಗ್ಗೆ. ಶಿಕ್ಷೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಿನಾಂಕ ಬರೆದು, ಹಣ ಕಟ್ಟಿ, ಫೋನ್ ನಂಬರ್ ಕೊಟ್ಟು, ಹಿರಿಯರ ಒಪ್ಪಿಗೆ ಪಡೆದು ಬಿಟ್ಟರೆ ಅದು ತೊರೆಯುವುದಲ್ಲ. ಹೇಳದೆ ಕೇಳದೆ ಕ್ಯಾಶುವಾಲಿಟಿಯಲ್ಲಿ ಮಲಗಿಸಿ ಮೊಬೈಲ್ ಆಫ್ ಮಾಡಿಕೊಳ್ಳುವುದು ಬೇರೆ ಮಾತು.

ಪ್ರಶ್ನೆ: ಅಣ್ಣನಿಗೆ ಕ್ಯಾನ್ಸರ್, ಇನ್ನು ಚಿಕಿತ್ಸೆ ಇಲ್ಲವೆಂದಿದ್ದಾರೆ. ಅತ್ತಿಗೆ ಸೋತಿದ್ದಾರೆ.
— ಓದುಗರು, ಬೆಂಗಳೂರು

ಉತ್ತರ: ನಗರದ ಕರುಣಾಶ್ರಯ ಈ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಆಂಕಾಲಜಿಸ್ಟ್ ಬರೆದ ಚೀಟಿ, ಬಯಾಪ್ಸಿ ವರದಿ ಜೊತೆಗಿಟ್ಟುಕೊಂಡು ಈಗಲೇ ವಿಚಾರಿಸಿ. ನೋವು ಉಲ್ಬಣಿಸಿದ ಮೇಲೆ ಓಡಾಡುವುದಕ್ಕಿಂತ ಮೊದಲೇ ಹೆಸರು ದಾಖಲಾಗಿರುವುದು ಅನುಕೂಲ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಡ್‌ಗಳು ಎಷ್ಟೋ ದಿನ ಖಾಲಿ ಇರುತ್ತವೆ. ಹಿರಿಯರ ಸಂಘದಿಂದ ಎರಡನ್ನು ಬಿಡುವಿನ ಆರೈಕೆಗೆ ಕೇಳಲು ಸಾಧ್ಯವೇ?
— ಓದುಗರು, ಸಾಗರ

ಉತ್ತರ: ಕೇಳಿ, ಆದರೆ ‘ಹಿರಿಯರಿಗೆ ಸೌಲಭ್ಯ ಕಲ್ಪಿಸಬೇಕು’ ಎಂಬ ಮನವಿ ಪತ್ರ ಫೈಲಿಗೆ ಸೇರಿಬಿಡುತ್ತದೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯ ಮುಂದೆ ಒಂದೇ ಪುಟದ ಪ್ರಸ್ತಾವ ಇಡಿಸಿ: ಎರಡು ಹಾಸಿಗೆ, ಒಬ್ಬರಿಗೆ ಗರಿಷ್ಠ 7 ದಿನ, ವರ್ಷಕ್ಕೆ ಎರಡು ಬಾರಿ, ಮುಂಗಡ ನೋಂದಣಿ ಪುಸ್ತಕ, ಜ್ವರ ಅಥವಾ ಸೋಂಕು ಇರುವವರಿಗೆ ಇಲ್ಲ, ದಾಖಲಾದ ದಿನವೇ ಕರೆದೊಯ್ಯುವ ದಿನಾಂಕಕ್ಕೆ ಸಹಿ. ವೆಚ್ಚದ ಪಟ್ಟಿಯಲ್ಲಿ ಮಂಚ-ಹಾಸಿಗೆಗಿಂತ ಮುಖ್ಯವಾದದ್ದು ಹಗಲು-ರಾತ್ರಿಗೆ ಇಬ್ಬರು ಆರೈಕೆ ಸಹಾಯಕರ ಸಂಬಳ. ಅದನ್ನು ಯಾರು ಕೊಡುತ್ತಾರೆಂದು ಬರೆಯದ ಪ್ರಸ್ತಾವ ಅಲ್ಲಿಗೇ ನಿಲ್ಲುತ್ತದೆ. ಸಂಘ ಮೊದಲ ಆರು ತಿಂಗಳು ದಾನಿಗಳಿಂದ ಹೊಂದಿಸುವುದಾದರೆ ಒಪ್ಪಿಸುವುದು ಸುಲಭ.

ಸಭೆಗೆ ಮೊದಲು ಅಂಕಿ ಕೈಯಲ್ಲಿರಲಿ. ಕಳೆದ 12 ತಿಂಗಳಲ್ಲಿ ತಿಂಗಳುವಾರು ಎಷ್ಟು ಹಾಸಿಗೆ ತುಂಬಿದ್ದವು, 60 ದಾಟಿದ ಒಳರೋಗಿಗಳು ಎಷ್ಟು ಎಂದು ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಪೀಠಿಕೆ ಹಾಕಿದ ಅರ್ಜಿ ಈ ಕಾರಣಕ್ಕೇ ವಾಪಸಾಗುತ್ತದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಇಲ್ಲ. ಉತ್ತರಕ್ಕೆ 30 ದಿನ ಕಾಯಬೇಕು, ಆದ್ದರಿಂದ ಸಮಿತಿ ಸಭೆಯ ದಿನ ವಿಚಾರಿಸಿಕೊಂಡು ಅದಕ್ಕೆ ಆರು ವಾರ ಮೊದಲೇ ಅರ್ಜಿ ಹಾಕಿ.